ಮಾವನ ಕಿವಿ ಮತ್ತು ಮುಂದಿನ ಎಡಚಕ್ರ

ನನ್ನ ಸೋದರಮಾವ ಜೀವನದಲ್ಲಿ ಒಮ್ಮೆಯೂ ತಪ್ಪಿದವರಲ್ಲ. ತಪ್ಪಿದ್ದೆಲ್ಲ ಯಂತ್ರಗಳೇ! ಸದ್ದು ಕೇಳಿಯೇ ಯಾವ ಯಂತ್ರದ ರೋಗವನ್ನಾದರೂ ಹೇಳಬಲ್ಲೆ ಎಂಬುದು ಅವರ ಅಚಲ ನಂಬಿಕೆ. ರಾಜಾಜಿನಗರದ ಒಂದು ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಅಕ್ಷತೆಯನ್ನು ನನ್ನ ಕೈಗೆ ಸುರಿದು, ಛತ್ರದ ಹಿಂದಿದ್ದ ಜನರೇಟರಿನ ನಾಡಿ ಹಿಡಿಯಲು ಓಡಿದರು. ಸ್ವಲ್ಪ ಹೊತ್ತಿಗೆ ಛತ್ರವೆಲ್ಲ ಕತ್ತಲು! "ನಾನು ಹೇಳ್ಲಿಲ್ವಾ, ಇದು ಕೈ ಕೊಡುತ್ತೆ ಅಂತ?" ಎನ್ನುತ್ತಾ ಹೆಮ್ಮೆಯಿಂದ ಬಂದು ಕುಳಿತರು. ಅದಕ್ಕೆ ಕೈ ಹಾಕಿದ್ದು ಯಾರು ಎಂದು ಕೇಳುವ ಧೈರ್ಯ ಯಾರಿಗಿತ್ತು?

ಇಂಥವರ ಕಾರೇ ಸದ್ದು ಮಾಡತೊಡಗಿದರೆ?

ನಿವೃತ್ತರಾದ ಮೇಲೆ ಕೊಂಡ ಸೆಕೆಂಡ್ ಹ್ಯಾಂಡ್ ಕೆಂಪು ಕಾರು ಅದು. ಅತ್ತೆ ಒಮ್ಮೆ ಅದಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಕ್ಕೆ, "ಇದೇನು ಕಾರೋ, ಉಪ್ಪಿನಕಾಯಿ ಭರಣಿನೋ?" ಎಂದು ಅವತ್ತೇ ಕಿತ್ತು ಬಿಸಾಕಿದ್ದರು. ಎಲ್ಲಿಗೆ ಹೋದರೂ ತಲುಪಿದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡಿ ಎಂದು ಅತ್ತೆ ಬೇಡಿಕೊಂಡರೆ, "ನಾನೇನು ಮಗೂನಾ?" ಎನ್ನುವರು. ಆಯುಧಪೂಜೆಗೆ ಮಾತ್ರ ಕೊಂಚ ರಿಯಾಯಿತಿ. ಚಕ್ರದ ಮುಚ್ಚಳಗಳನ್ನು ಬಿಚ್ಚಿ ಸೋಪು ಹಾಕಿ ತೊಳೆಯುವುದು ಮಾವನ ಕೆಲಸ. ಒರೆಸಿ, ಕುಂಕುಮ ಹಚ್ಚಿ, ಗುದ್ದಿ ಕೂರಿಸುವುದು ಅತ್ತೆಯ ಕೆಲಸ.

ಆ ವರ್ಷ ದೀಪಾವಳಿ ಕಳೆದ ಮೇಲೆ ಮುಂದಿನ ಎಡಚಕ್ರದಿಂದ ಟಣ್ ಟಣ್ ಶುರುವಾಯಿತು. ವಿಚಿತ್ರವೆಂದರೆ ಕಾರು ನಿಧಾನವಾಗಿ ಹೋದರೆ ಸದ್ದು, ಜೋರಾಗಿ ಹೋದರೆ ಮೌನ! ಮಾವ ಕಣ್ಣು ಮುಚ್ಚಿ ಆಲಿಸಿ (ಹೌದು, ಕಾರು ಓಡಿಸುತ್ತಲೇ!) "ಬೇರಿಂಗು" ಎಂದು ತೀರ್ಪು ಕೊಟ್ಟರು. ಮರುದಿನ "ಬ್ರೇಕು" ಎಂದರು. ಗ್ಯಾರೇಜಿನಲ್ಲಿ ಬಿಚ್ಚಿ ನೋಡಬಾರದೇ ಎಂದೆ. "ಬಿಚ್ಚಿ ಯಾರು ಬೇಕಾದ್ರೂ ನೋಡ್ತಾರೆ ಕಣೋ! ಕಿವಿ ಇಲ್ದೋರ ಕೆಲಸ ಅದು."

ಕಿವಿ ಇದ್ದವನೆಂಬ ತಪ್ಪಿಗೆ ನಾನು ಹೇರೋಹಳ್ಳಿಯ ಹೊಂಡಗಳ ರಸ್ತೆಯಲ್ಲಿ ಬಗ್ಗಿಕೊಂಡು, ಚಕ್ರದತ್ತ ಕಿವಿಯಿಟ್ಟು ಕಾರಿನ ಪಕ್ಕ ಓಡಬೇಕಾಯಿತು. ಹಾಲಿನ ಅಂಗಡಿಯಾತ ಕೂಗಿದ: "ಸಾರ್, ಪಾಪ ಓಡ್ತಾವ್ರೆ, ಹತ್ತಿಸ್ಕೊಳ್ಳಿ!"

ಮಾವ ಆಮೇಲೊಂದು ಚಿಕಿತ್ಸೆ ಕಂಡುಹಿಡಿದರು. ಜೋರಾಗಿ ಹೋದರೆ ಸದ್ದಿಲ್ಲ ತಾನೇ? ಸರಿ, ಜೋರಾಗಿಯೇ ಹೋಗುವುದು! ಅತ್ತೆಯನ್ನು ಕೂರಿಸಿಕೊಂಡು ಮಾಗಡಿ ರಸ್ತೆಯಲ್ಲಿ ಹಾರಿಸಿದರು. ಮನೆ ತಲುಪಿದ ಕೂಡಲೇ ಅತ್ತೆ ಇಳಿದು ಕಾರಿನ ಬಾಗಿಲನ್ನು ದಡಾರನೆ ಹಾಕಿದರು. "ರೀ, ಭಾನುವಾರದೊಳಗೆ ಈ ಸದ್ದು ನಿಲ್ಬೇಕು, ಇಲ್ಲಾಂದ್ರೆ ಕಾರು ಮಾರ್ಬೇಕು. ನೀವು ಕಾರ್ ತಗೊಂಡು ಹೋದ್ರೆ ವಾಪಸ್ ಬರೋವರೆಗೂ ನಂಗೆ ಒಂದು ತುತ್ತು ಇಳಿಯಲ್ಲ."

ಮಾವನ ಮುಖ ಬಿಳಿಚಿಕೊಂಡಿತು. ನಿವೃತ್ತಿಯ ನಂತರ ಅವರಿಗೆ ಮನೆಯಿಂದ ಹೊರಡಲು ಇದ್ದ ಒಂದೇ ನೆಪ ಆ ಕಾರು.

ಶನಿವಾರ ಶ್ರೀಗಂಧದ ಕಾವಲು ಬಡಾವಣೆಯ ಖಾಲಿ ಸೈಟುಗಳ ನಡುವೆ ಕೊನೆಯ ಪರೀಕ್ಷೆ ನಡೆಯಿತು. ಮಾವ ಹಿಂದೆ ಮುಂದೆ ಓಡಿಸಿದರು, ನಾನು ನೆಲಕ್ಕೆ ಕಿವಿಯಿಟ್ಟೆ. ಟಣ್ ಟಣ್ ನಮ್ಮಿಬ್ಬರನ್ನೂ ಅಣಕಿಸಿತು. ಕೊನೆಗೆ ಮಾವ ಇಳಿದು ಬಂದು, ಆ ಕಡೆ ಈ ಕಡೆ ನೋಡಿ, ಗುಟ್ಟಾಗಿ ಹೇಳಿದರು: "ತೆಗಿ ಮುಚ್ಚಳ. ಯಾರಿಗೂ ಹೇಳ್ಬೇಡ."

ಸ್ಕ್ರೂಡ್ರೈವರಿನಿಂದ ಮೀಟಿದೆ. ಮುಚ್ಚಳದ ಒಳಗಿಂದ ಒಂದು ರೂಪಾಯಿ ನಾಣ್ಯ ಉರುಳಿತು. ಚಕ್ರ ಜೋರಾಗಿ ತಿರುಗಿದರೆ ಅಂಚಿಗೆ ಅಂಟಿಕೊಂಡು, ನಿಧಾನವಾದರೆ ಉರುಳಾಡಿ ಟಣ್ ಎನ್ನುತ್ತಿದ್ದದ್ದು ಇದೇ! ಅದರ ಹಿಂದೆಯೇ ಸವೆದು ಹರಿದ ಅರಿಶಿನದ ಬಟ್ಟೆಯ ಚೂರು, ಗಂಟು ಹಾಕಿದ್ದು. ಗಂಡ ಕ್ಷೇಮವಾಗಿ ಮನೆಗೆ ಬರಲೆಂದು ಅತ್ತೆ ದೇವರಿಗೆ ಕಟ್ಟಿದ ಮುಡಿಪು! ಹೊರಗೆ ಕಟ್ಟಿದರೆ ಮಾವ ಕಿತ್ತು ಎಸೆಯುತ್ತಾರೆಂದು ಆಯುಧಪೂಜೆಯ ದಿನ ಚಕ್ರದೊಳಗೇ ಬಚ್ಚಿಟ್ಟಿದ್ದರು. ಅದೇ ಮುಡಿಪಿನ ಸದ್ದಿಗೆ ತಾವೇ ಹೆದರಿದ್ದರು!

ನಾನು ಬಿದ್ದು ಬಿದ್ದು ನಕ್ಕೆ. ಮಾವ ನಗಲಿಲ್ಲ. ಆ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಗಂಟನ್ನು ಹೆಬ್ಬೆರಳಿನಿಂದ ಸವರಿದರು.

"ನಿಮ್ಮತ್ತೆ ಗಂಟು ಕಣೋ ಇದು. ಬಟ್ಟೆ ಹರಿದಿದೆ, ಗಂಟು ಬಿಚ್ಚಿಲ್ಲ."

ಉಪ್ಪಿನಕಾಯಿ ಭರಣಿಯ ಮಾತಾಡಿದ ಅದೇ ಮಾವ, ಕಾರು ಒರೆಸುವ ಹೊಸ ಹಳದಿ ಬಟ್ಟೆಯನ್ನು ಹರಿದು, ಹಳೆಯ ಚೂರಿನ ಸಮೇತ ನಾಣ್ಯವನ್ನು ಸುತ್ತಿದರು. ಮೇಲೆ ಡಿಕ್ಕಿಯಲ್ಲಿದ್ದ ಹಳೇ ಸೈಕಲ್ ಟ್ಯೂಬಿನ ತುಂಡು ಬಿಗಿದು ಮುಚ್ಚಳದೊಳಗೆ ಅಲುಗಾಡದಂತೆ ಸಿಕ್ಕಿಸಿದರು. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದು, ನನಗೆ ಬೆನ್ನು ಹಾಕಿ ನಿಂತು, ಮನೆಗೆ ಒಂದು ಮಿಸ್ಡ್ ಕಾಲ್ ಕೊಟ್ಟರು. ನನ್ನ ನಗು ಅಲ್ಲಿಗೆ ನಿಂತಿತು.

ಮನೆಯವರೆಗೂ ನಿಧಾನವಾಗಿಯೇ ಬಂದೆವು. ಚಕ್ರ ಸದ್ದು ಮಾಡಲಿಲ್ಲ. ಅತ್ತೆ ಫೋನು ಕೈಯಲ್ಲಿ ಹಿಡಿದುಕೊಂಡೇ ಗೇಟಿನ ಬಳಿ ನಿಂತಿದ್ದರು.

"ಏನಾಗಿತ್ತಂತೆ ರೀ?"

"ಬೇರಿಂಗ್ ಕಣೇ. ನಾನು ಮೊದಲೇ ಹೇಳಿರ್ಲಿಲ್ವಾ?"

ಕಾರಣ ಖಚಿತವಾಗಿ ಗೊತ್ತಿದ್ದೂ ಮಾವ ತಪ್ಪು ಹೇಳಿದ್ದು ಅದೊಂದೇ ಸಲ.