ಸಾವಂತ್ರೆವ್ವನ ಗಗನಸಮರ

ಕೇಳಿರಿ, ಕಲಿಯುಗದ ಸಜ್ಜನರೇ. ಕೈಗಳಲ್ಲಿ ಜಂಗಮವಾಣಿಯೂ ಬಾಯಿಗಳಲ್ಲಿ ‘ನೆಟ್ ಇಲ್ಲ’ವೆಂಬ ಮಂತ್ರವೂ ನೆಲೆಸಿದ ಈ ಯುಗದಲ್ಲಿ, ಗದಗ ಸೀಮೆಯ ಗಾಳಿಯಂತ್ರದ ಗುಡ್ಡದ ನೆತ್ತಿಯ ಮೇಲೆ, ರೊಟ್ಟಿತಾಡನಪ್ರಚಂಡಹಸ್ತೆಯೂ ಪ್ಲಾಸ್ಟರಾವೃತವಾಮಪಾದೆಯೂ ಆದ ಸಾವಂತ್ರೆವ್ವನೆಂಬ ಅಡುಗೆಯವಳು ಮೊಬೈಲಿಗೆ ಎದುರಾಗಿ ಕುಳಿತಳು.

ಕಾರಣ ಸಣ್ಣದಲ್ಲ. ಕೆಳಗೆ ಊರಲ್ಲಿ ತಮ್ಮ ಮಲ್ಲೇಶಿಯ ಮಗಳಿಗೆ ಹೆಸರಿಡುವ ತೊಟ್ಟಿಲು; ಮುರಿದ ಕಾಲಿನಲ್ಲಿ ಇವಳು ಗುಡ್ಡ ಇಳಿಯುವಂತಿಲ್ಲ. ಕೂಸಿನ ಕಿವಿಯಲ್ಲಿ ಮೂರು ಸಲ ಹೆಸರು ಉಸುರುವುದು ಸೋದರತ್ತೆಯ ಹಕ್ಕು. ಉಸುರಿದೊಡನೆ ನೆರೆದ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ಪದ್ಧತಿ. ಸಾವಂತ್ರೆವ್ವನ ಎದೆಯಲ್ಲಿದ್ದುದು ತೀರಿಹೋದ ಅವ್ವನ ಹೆಸರು, ನೀಲಗಂಗಾ. ಅವಳು ಉಸುರದಿದ್ದರೆ ಬೀಗರು ಆರಿಸಿಟ್ಟ ‘ಜಿಯಾಂಶಿ’ಯೇ ಗಟ್ಟಿ. ಟವರಿಲ್ಲದ ಆ ಗುಡ್ಡಕ್ಕೋ, ಗಾಳಿಯಂತ್ರದ ಆಫೀಸಿನ ಮಾಳಿಗೆಯ ಉಪಗ್ರಹದ ಡಿಶ್ ಒಂದೇ ದಿಕ್ಕು.

“ಸಾವಕಾಶ ಮಾತಾಡು,” ಎಂದ ಗಂಡ ಫಕೀರಪ್ಪ. “ಮಾತು ಮ್ಯಾಲ ಉಪಗ್ರಹದ ತನಕ ಹೋಗಿ ಇಳೀಬೇಕು. ಹೊಳ್ಳಿ ಬರಾಕ ಹೊತ್ತು ಹಿಡಿತೈತಿ.”

“ಹಿಡೀಲಿ ಬಿಡ್ರಿ. ಗುಡ್ಡದ ಮಂದಿನ್ನೆಲ್ಲ ಒಂದ ಕೂಗಿಗೆ ಊಟಕ್ಕ ಕರದಾಕಿ ನಾನು. ಮುಗಿಲು ಬರಲಿ, ಸಿಡಿಲು ಬರಲಿ, ನಮ್ಮವ್ವನ ಹೆಸರು ಕೂಸಿನ ಕಿವಿಗೆ ಬಿದ್ದ ಬೀಳ್ತೈತಿ.”

ಎಂದೊಡನೆ ಶತ್ರುಸೇನೆ ಬಂತು. ಮೊದಲು ಕಪ್ಪುಮೋಡ ಕವಿದು ವಿಡಿಯೋ ಕಾಲಿನ ಚಿತ್ರ ಚೌಕ ಚೌಕವಾಗಿ ಒಡೆಯಿತು. ಅದು ಸರಿಯಿತೆನ್ನುವಷ್ಟರಲ್ಲಿ ಅಜಕುಲತಿಲಕವಾದ ಆಡೊಂದು ಮಾಳಿಗೆಯೇರಿ, ಡಿಶ್ಶಿಗೆ ಅಡ್ಡ ನಿಂತು, ಭೂಮ್ಯಾಕಾಶಗಳ ಸಂಬಂಧವನ್ನೇ ಕಡಿದು ಮೆಲುಕು ಹಾಕತೊಡಗಿತು. ಫಕೀರಪ್ಪ ಕಸಬರಿಗೆಯನ್ನೆತ್ತಿಕೊಂಡು ಏಣಿ ಹತ್ತಿದ. ಘೋರ ಯುದ್ಧ ನಡೆಯಿತು. ಒಂದು ಚಪ್ಪಲಿ ಅಂಗಳಕ್ಕೆ ಬಿತ್ತು, ಆಮೇಲೆ ಆಡು.

ಚಿತ್ರ ಮೂಡಿತು. “ಹೇಳಕ್ಕ,” ಎಂದು ಮಲ್ಲೇಶಿ ಮೊಬೈಲನ್ನು ಕೂಸಿನ ಕಿವಿಗೆ ಒತ್ತಿದ. ಸಾವಂತ್ರೆವ್ವ ಸೆರಗು ಸರಿಪಡಿಸಿಕೊಂಡು, ಕಣ್ಣೊರೆಸಿ, ಮೆಲ್ಲಗೆ “ಹಲೋ” ಎಂದಳು. ಉತ್ತರವಿಲ್ಲ. ಮಾತು ಇನ್ನೂ ಆಕಾಶದಲ್ಲಿತ್ತು. ಅವಳಿಗೆ ಅಷ್ಟು ತಾಳ್ಮೆ ಎಲ್ಲಿಯದು? “ಹಲೋ... ಹಲೋ.” ಆಮೇಲೆ ಎದೆ ತುಂಬ ಉಸಿರೆಳೆದುಕೊಂಡು, “ನೀಲಗಂಗಾ” ಎಂದು ಮೂರು ಸಲ ಉಸುರಿದಳು.

ಅತ್ತ ತೊಟ್ಟಿಲ ಸುತ್ತ ನಿಂತ ಹೆಂಗಸರಿಗೆ ಮಾತು ಕೇಳಲಿಲ್ಲ, ಮೂರು ಪಿಸುಮಾತಿನ ಲೆಕ್ಕವಷ್ಟೇ ಸಿಕ್ಕಿತ್ತು. ಮೂರನೆಯ ‘ಹಲೋ’ ಇಳಿದದ್ದೇ ತಡ, ಪದ್ಧತಿ ತಪ್ಪಬಾರದೆಂದು, ಗುದ್ದಲು ಬೆನ್ನು ಕಾಣದೆ, ಮೊಬೈಲಿನ ಬೆನ್ನಿಗೇ ಗುದ್ದಿದರು. ಅದು ಆರಿಹೋಯಿತು.

ಸಂಜೆಗೆ ಬೇರೊಂದು ಮೊಬೈಲಿನಿಂದ ತಮ್ಮ ಸಿಕ್ಕ.

“ಅವ್ವನ ಹೆಸರು ಬಿತ್ತೇನೋ?” ಎಂದಳು ಆ ವಿಜಯಿನಿ. ಉತ್ತರ ಉಪಗ್ರಹ ಮುಟ್ಟಿ ಬರುವವರೆಗೆ ಇಡೀ ಗುಡ್ಡ ಉಸಿರು ಬಿಗಿಹಿಡಿಯಿತು.

“ಕಿವ್ಯಾಗ ಬಿದ್ದದ್ದು ಹಲೋ, ಅಕ್ಕ. ಗುದ್ದಿದ ಮ್ಯಾಲ ಹೆಸರು ಬದಲಸಾಂಗಿಲ್ಲ ಅಂತ ಹಿರೇರು ಹಟ ಹಿಡದಾರ. ಓಣಿ ಮಂದಿಯೆಲ್ಲ ಹಲೋ ಅಂತನ ಕರ್ಯಾಕತ್ತಾರ. ಕೂಸೂ ನಗತೈತಿ.”

ಸಾವಂತ್ರೆವ್ವ ಮೊಬೈಲನ್ನು ಮಡಿಲಿಗಿಟ್ಟು ಮಾಳಿಗೆಯ ಡಿಶ್ಶಿನತ್ತ ನೋಡಿದಳು. ನೆಟ್ ಹೋಯಿತೆಂದುಕೊಂಡ ಮಲ್ಲೇಶಿ.

“ಜಿಯಾಂಶಿ ಬಿದ್ದಿಲ್ಲ ಹೌದಿಲ್ಲೋ?”

“ಇಲ್ಲ.”

“ಹಂಗಾರ ಇರಲಿ,” ಎಂದು ಅವಳು ಕುಂಟುತ್ತ ಬೇಳೆ ತೊಳೆಯಲು ಹೋದಳು.