ಒಲೆ ಊದಿದ ಬಂದೂಕು

ಒಲೆ ಊದುವ ಕೊಳವೆಯನ್ನು ಯಾರಾದರೂ ಬಂದೂಕು ಎಂದಾರೇ? ಅನ್ನಲಿಕ್ಕಿಲ್ಲ. ಅಂದರೂ ಅಂದಾರು. ಬೆಳಗ್ಗಿನಿಂದ ತಾರಾನಾಥನ ಮನಸ್ಸು ಲೋಕಲ್ ಟ್ರೇನಿನ ಹಿಡಿಕೆಯಂತೆ ಅತ್ತಿತ್ತ ತೂಗಾಡುತ್ತಿತ್ತು.

ಅವನು ತುರ್ಭೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ಅಲ್ಲಿ ಸರಕಾರದ ಗುತ್ತಿಗೆಗೆ ಬಂದೂಕಿನ ನಳಿಗೆಗಳು ತಯಾರಾಗುತ್ತಿದ್ದವು. ಸೊಟ್ಟಗಾದ ನಳಿಗೆ ಇಷ್ಟು ದಿನ ಬರೀ ಗುಜರಿ. ಅಂಥದ್ದೊಂದನ್ನು ಹೋದ ವರ್ಷ ಅವನು ಡೊಂಬಿವಲಿಯ ಕನ್ನಡ ಸಂಘದ ಅಡುಗೆಮನೆಗೆ ಒಲೆ ಊದಲೆಂದು ಕೊಟ್ಟು ಭೇಷ್ ಅನ್ನಿಸಿಕೊಂಡಿದ್ದ. ಈಗ ಹೊಸ ನಿಯಮ ಬಂದಿತ್ತು. ಕೆಟ್ಟ ನಳಿಗೆಗೂ ನಂಬರು ಕೊರೆದು ನೋಂದಾಯಿಸಬೇಕು. ಲೆಕ್ಕ ತಪ್ಪಿದರೆ ಪೊಲೀಸ್ ಕೇಸು. ಎಣಿಸುವ ಅಧಿಕಾರಿ ಸಂಜೆಯೇ ಬರುವವರಿದ್ದರು. ಪುಸ್ತಕದ ಲೆಕ್ಕಕ್ಕಿಂತ ರಾಶಿಯಲ್ಲಿ ಒಂದು ಕಮ್ಮಿ.

ಹೊಟ್ಟೆನೋವೆಂದು ಹೇಳಿ ತಾರಾನಾಥ ಡೊಂಬಿವಲಿಗೆ ಓಡಿದ. ಸಂಘದ ಹಿತ್ತಲಲ್ಲಿ ಯಾರದೋ ಸೀಮಂತದ ಅಡುಗೆ ನಡೆದಿತ್ತು. ಅಡುಗೆಯ ಗುಣಪಾಲ ಕೆನ್ನೆಯುಬ್ಬಿಸಿ ಅದೇ ನಳಿಗೆಯನ್ನು ಊದುತ್ತಿದ್ದ.

"ಗುಣಪಾಲಣ್ಣ, ಅದನ್ನೊಮ್ಮೆ ಕೊಡಿ ಮಾರಾಯ್ರೆ."

"ಅನ್ನ ಅರ್ಧ ಬೆಂದಿದೆ. ಬೆಂಕಿಗೆ ನೀವೇನು ಫ್ಯಾನ್ ತಂದಿದ್ದೀರಾ?"

ಬಂದೂಕು ಎಂದರೆ ಸೀಮಂತವೇ ನಿಂತೀತು. "ಅದು... ನಮ್ಮ ಅಜ್ಜನ ನೆನಪಿನದ್ದು."

ತರಕಾರಿ ಹೆಚ್ಚುತ್ತಿದ್ದ, ತಾರಾನಾಥನ ನೆರೆಮನೆಯ ಜಯಲತಾ ಕತ್ತೆತ್ತಿದಳು. "ಫ್ಯಾಕ್ಟ್ರಿಯಿಂದ ತಂದದ್ದು ಅಂತ ಹೇಳಿದ್ರಲ್ಲ?"

"ಅಜ್ಜನೂ ಅಲ್ಲೇ ಕೆಲ್ಸಕ್ಕಿದ್ರು."

"ಅಯ್ಯೋ ಪಾಪ! ಹಾಗಾದ್ರೆ ಅನ್ನ ಬೇಯುವ ತನಕ ನೀವೇ ಊದಿ. ಅಜ್ಜನಿಗೂ ತೃಪ್ತಿ ಆಗ್ಲಿ."

ತಾರಾನಾಥ ಊದಿದ. ಕಣ್ಣು ಕೆಂಡವಾಯಿತು, ಮೀಸೆ ಬೂದಿಯಾಯಿತು, ಅನ್ನ ಮಾತ್ರ ನಿಧಾನವಾಗಿ ಬೆಂದಿತು. ನಳಿಗೆಯನ್ನು ಬಾಳೆಲೆಯಲ್ಲಿ ಸುತ್ತಿ ಟ್ರೇನು ಹತ್ತಿದ. ಪಕ್ಕದವನು ಕಟ್ಟನ್ನು ತೋರಿಸಿ "ಕ್ಯಾ ಹೈ ಅಂದರ್?" ಎಂದಾಗ "ಪತ್ರೊಡೆ" ಎಂದು ಊರಿನ ತಿಂಡಿಯ ಹೆಸರು ಹೇಳಿದ.

ಹೊರಹೋಗುವವರನ್ನೆಲ್ಲ ತಡವುವ ಕಾವಲುಗಾರ ಒಳಬರುವವನನ್ನು ನೋಡಲೂ ಇಲ್ಲ. ನಳಿಗೆ ರಾಶಿ ಸೇರಿತು. ತಾರಾನಾಥ ಆ ದಿನದ ಮೊದಲ ಪೂರ್ಣ ಉಸಿರೆಳೆದ.

ಅಧಿಕಾರಿ ಎಣಿಸಿದರು. ಮತ್ತೆ ಎಣಿಸಿದರು.

"ಒಂದು ಹೆಚ್ಚಿದೆ. ಕಮ್ಮಿಯಾಗಿದ್ದರೆ ಕಳವು ಅನ್ನಬಹುದಿತ್ತು. ಹೆಚ್ಚಾದರೆ ಕಳ್ಳ ತಯಾರಿಕೆ. ಇದಕ್ಕೆ ಶಿಕ್ಷೆ ಜಾಸ್ತಿ."

ಹಿಂದೆ ನಿಂತಿದ್ದ, ಲೇಥ್ ಯಂತ್ರ ನಡೆಸುವ ಸೈದಪ್ಪ ಪಿಸುಗುಟ್ಟಿದ. "ಸರ, ಮುಂಜಾನೆ ನೀವು ಎಣಿಸಿ ಎಣಿಸಿ ಮಾರಿ ಬಾಡಿಸ್ಕೊಂಡಿದ್ದು ನೋಡಿದ್ನಿರಿ. ಒಂದು ಕಮ್ಮಿ ಐತಿ ಅಂತ ತಿಳಿತು. ನೀವು ಹೋದ ಮ್ಯಾಲ ಒಂದು ಮಾಡಿ ಇಟ್ಟೀನಿ." ಅವನು ರಾಶಿಯತ್ತ ಕಣ್ಣು ಹಾಯಿಸಿದ. "ಸೊಟ್ಟ ಮಾಡಾಕ ಭಾಳ ತ್ರಾಸಾತ್ರಿ."

"ಯಾರು ಮಾಡಿದ್ದು ಇದನ್ನು?" ಅಧಿಕಾರಿ ಕೇಳಿದರು.

ತಾರಾನಾಥನಿಗೆ ಲೇಥನ್ನು ಚಾಲೂ ಮಾಡಲೂ ಬರುತ್ತಿರಲಿಲ್ಲ.

"ನಾನು," ಎಂದ.

ಠಾಣೆಯಲ್ಲಿ ಅಜ್ಜನ ಹೆಸರಲ್ಲಿ ಸುಳ್ಳಾಡಿದ್ದನ್ನು ಹೇಳಿದ, ಸೀಮಂತದ ಅನ್ನವನ್ನು ಹೇಳಿದ, ಪತ್ರೊಡೆಯನ್ನೂ ಹೇಳಿದ. ಸೈದಪ್ಪನ ಹೆಸರನ್ನು ಹೇಳಲಿಲ್ಲ.