ಮಾರ್ಚ್ ಅಂತ ಬರೆದವನು ನಾನೇ

ಇನ್ನೊಬ್ಬರ ದನಿ ತೆಗೆದು ಬದುಕುವವರ ಕಷ್ಟವೊಂದು ನಿಮಗೆ ಗೊತ್ತಿರಲಾರದು. ಅಣಕಕ್ಕೆ ಮೂವರು ಬೇಕು: ಸಿಕ್ಕಿಬಿದ್ದವನೊಬ್ಬ, ಅಣಕಿಸುವವನೊಬ್ಬ, ನಗುವವನೊಬ್ಬ. ತಿಪಟೂರಿನಲ್ಲಿ ಈ ಮೂರನೆಯವನಿಗೆ ಬರವಿರಲಿಲ್ಲ. ಗಣಿತದ ಮೇಷ್ಟರ ಕೆಮ್ಮು, ಕಸದ ಗಾಡಿಯ ಮೈಕು, ನಮ್ಮ ಸೋದರತ್ತೆ ಫೋನೆತ್ತಿ ‘ಯಾರದೂ?’ ಎನ್ನುವ ರಾಗ, ಯಾವುದನ್ನು ತೆಗೆದರೂ ನಾಲ್ಕು ಜನ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಓದಲೆಂದು ಜರ್ಮನಿಯ ಯೇನಾಕ್ಕೆ ಬಂದ ಮೇಲೆ ಮೊದಲೆರಡು ಪಾತ್ರಗಳನ್ನು ಹೇಗೋ ನಾನೇ ನಿಭಾಯಿಸಿದೆ. ಮೂರನೆಯದು ಖಾಲಿ ಉಳಿಯಿತು. ಮೊದಲ ಚಳಿಗಾಲದಲ್ಲಿ ಬೇಸರ ತಡೆಯಲಾರದೆ ಕೋಣೆಯಲ್ಲಿ ಕೂತು ಹಾಸ್ಟೆಲಿನ ವಾಷಿಂಗ್ ಮಷೀನಿನ ಸದ್ದು ತೆಗೆಯುತ್ತಿದ್ದೆ. ಪಕ್ಕದ ಕೋಣೆಯ ಜರ್ಮನ್ ಹುಡುಗ ಬಾಗಿಲು ತಟ್ಟಿ, ಭಾನುವಾರ ಬಟ್ಟೆ ಒಗೆಯುವಂತಿಲ್ಲ ಎಂದು ಬಹಳ ವಿನಯದಿಂದ ತಿಳಿಸಿ ಹೋದ. ಆರು ತಿಂಗಳಲ್ಲಿ ಅವನು ನನ್ನೊಡನೆ ಆಡಿದ ಅತಿ ದೀರ್ಘ ಮಾತು ಅದು. ಅವತ್ತಿಡೀ ನಾನು ಖುಷಿಯಾಗಿದ್ದೆ.

ಅಂಥ ಹೊತ್ತಿನಲ್ಲಿ ಎದುರು ಕೋಣೆಗೆ ಕೊಲಂಬಿಯಾದ ಬೊಗೊಟಾದಿಂದ ಮತೇಯೋ ಬಂದ. ಬಂದ ದಿನವೇ ಅಡುಗೆಮನೆಯಲ್ಲಿ ನಾನು ಟ್ರ್ಯಾಮಿನೊಳಗೆ ನಿಲ್ದಾಣದ ಹೆಸರು ಕೂಗುವ ಹೆಂಗಸಿನ ದನಿ ತೆಗೆದೆ. ಅವನಿಗೆ ನಗು ಉಕ್ಕಿ ಪಾಸ್ತಾ ಮೂಗಿಗೆ ಏರಿತು. ಈ ಮನುಷ್ಯನನ್ನು ಬಿಡಬಾರದು ಎಂದು ಆ ಕ್ಷಣವೇ ತೀರ್ಮಾನಿಸಿದೆ. ಅವನಿಗೆ ‘ಗುರು’, ‘ಮಗಾ’ ಎರಡನ್ನೂ ಕಲಿಸಿದೆ. ನಮ್ಮ ಮಾತುಕತೆ ಅರ್ಧ ಇಂಗ್ಲಿಷು, ಕಾಲುಭಾಗ ಜರ್ಮನ್, ಮಿಕ್ಕದ್ದು ಕೈಸನ್ನೆ. ಇಲ್ಲಿ ಅದನ್ನು ಕನ್ನಡಕ್ಕೆ ಇಳಿಸಿದವನು ನಾನು. ಬೊಗೊಟಾದವನ ಬಾಯಲ್ಲಿ ತಿಪಟೂರು ಕೇಳಿಸಿದರೆ ಬೈಗುಳ ನನಗೇ ಸಲ್ಲಬೇಕು.

ಭಾನುವಾರ ಅವನ ಕಡೆಯ ಹುಡುಗರು ಸೇರುತ್ತಿದ್ದರು. ಪೆರುವಿನವರು, ಮೆಕ್ಸಿಕೋದವರು, ಎಲ್ಲರೂ ಒಟ್ಟಿಗೇ ಮಾತಾಡುವವರು. ನಮ್ಮೂರ ಮದುವೆಮನೆಯಲ್ಲಿ ಊಟದ ಎರಡನೆಯ ಪಂಕ್ತಿಗೆ ಕಾಯುವವರ ಗದ್ದಲವನ್ನು ನೆನಪಿಸುವ ಆ ಸದ್ದಿಗೆ ನಾನು ನನ್ನ ಅನ್ನದ ಪಾತ್ರೆ ಹಿಡಿದುಕೊಂಡು ಹೋಗಿ ಕೂರುತ್ತಿದ್ದೆ. ಮಾತು ಎಲ್ಲಿಂದ ಹೊರಟರೂ ಕಾಲೇಜಿನ ಖರ್ಚಿಗೆ ಬಂದು ನಿಲ್ಲುತ್ತಿತ್ತು. ಇಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದನ್ನು ಅವರ ಮನೆಗಳಲ್ಲಿ ಯಾರೂ ನಂಬಿರಲಿಲ್ಲ. “ಪುಕ್ಕಟೆ ಅಂದ್ರೆ ಅವರು ಏನು ಮಾರ್ತಿದಾರೆ ಅಂತ ನೋಡ್ಕೋ” ಎಂದು ಮತೇಯೋನ ತಾಯಿ ಈಗಲೂ ಫೋನಿನಲ್ಲಿ ಎಚ್ಚರಿಸುತ್ತಿದ್ದರಂತೆ. ಶಿಕ್ಷಣ ಸಾಲದ ಹೆಸರೆತ್ತಿದರೆ ಮಾತ್ರ ಗದ್ದಲ ತಣ್ಣಗಾಗುತ್ತಿತ್ತು. “ನಮ್ಮಕ್ಕ ಡಿಗ್ರಿ ಮುಗಿಸಿ ಎಷ್ಟೋ ವರ್ಷ ಆಯ್ತು. ಅವಳ ಸಾಲ ಇನ್ನೂ ಓದ್ತಾ ಇದೆ” ಎಂದು ಮತೇಯೋ ಹೇಳಿದಾಗ ಎಲ್ಲರೂ ನಕ್ಕರು, ಆಮೇಲೆ ಎಲ್ಲರೂ ತಟ್ಟೆ ನೋಡಿಕೊಂಡರು. ಸಹಾಯಧನದ ವಿಷಯದಲ್ಲಂತೂ ಎರಡೇ ಪಕ್ಷ. ಅದು ಒಳಗೆ ಗುರುತಿರುವವರಿಗೆ ಎನ್ನುವವರು ಒಂದು ಕಡೆ, ಅದು ಬಡವರಿಗೆ ಎನ್ನುವವರು ಇನ್ನೊಂದು ಕಡೆ.

ಮತೇಯೋ ಎರಡನೆಯ ಪಕ್ಷದವನು. ಬೆಳಗಿನ ಐದಕ್ಕೆ ಎದ್ದು ಊರಾಚೆಯ ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸಿ, ಮಧ್ಯಾಹ್ನ ಲೈಬ್ರರಿಯಲ್ಲಿ ಪ್ರಬಂಧದ ಮೇಲೆ ತಲೆಯಿಟ್ಟು ಮಲಗುತ್ತಿದ್ದ. ಪ್ರಬಂಧ ಮುಂದೆ ಹೋಗಲಿಲ್ಲ. ಪಾರ್ಸೆಲ್‌ಗಳು ಸರಿಯಾಗಿ ಹೋಗುತ್ತಿದ್ದವು. ಅವನ ಕೊನೆಯ ವರ್ಷದ ಅಕ್ಟೋಬರದ ಒಂದು ಸಂಜೆ ಪಾತ್ರೆ ತೊಳೆಯುತ್ತಾ ಹೇಳಿದ:

“ಸಾಕು ಗುರು. ಎಲ್ಲ ಬಿಟ್ಟು ಕ್ರಿಸ್‌ಮಸ್ಸಿಗೆ ಊರಿಗೆ ಹೋಗ್ಬಿಡ್ತೀನಿ.”

ಅವನ ಪದವಿ ಹೋಗುತ್ತದೆಂದು ಅಂದುಕೊಂಡೆ ಎಂದರೆ ಸುಳ್ಳಾದೀತು. ನನ್ನ ಪ್ರೇಕ್ಷಕ ಹೋಗುತ್ತಾನೆ ಎನಿಸಿತು.

“ಕೊನೇ ವರ್ಷದವರಿಗೆ ಯೂನಿವರ್ಸಿಟೀಲಿ ಸಹಾಯಧನ ಇದೆಯಲ್ಲೋ. ಅರ್ಜಿ ಹಾಕು.”

“ಅದು ಬಡವರಿಗೆ.”

“ಮಗಾ, ಮೂರು ದಿನದಿಂದ ಪಾಸ್ತಾಗೆ ಉಪ್ಪು ಹಾಕ್ಕೊಂಡು ತಿಂತಿದೀಯ. ನೀನೇನು ಜಮೀನ್ದಾರನಾ?”

“ನಾವು ಬಡವರಲ್ಲ. ಸದ್ಯಕ್ಕೆ ದುಡ್ಡಿಲ್ಲ, ಅಷ್ಟೇ. ಅವರ ತಟ್ಟೇಗೆ ನಾನ್ಯಾಕೆ ಕೈ ಹಾಕ್ಲಿ?”

ಅಕ್ಕನ ಗತಿ ನೋಡಿದವನಿಗೆ ಕೊಡುವ ಕೈಯೆಲ್ಲ ಮರಳಿ ಕೇಳುವ ಕೈ ಎಂಬ ಭಯವೂ ಇತ್ತು. ಇದನ್ನು ಹಿಂತಿರುಗಿಸಬೇಕಾಗಿಲ್ಲ ಎಂದು ನಿಯಮಪತ್ರವನ್ನು ಮೂರು ಸಲ ಓದಿ ಹೇಳಿದೆ, ಮೂರನೆಯ ಸಲ ಫೋನಿನಲ್ಲಿ ಕೇಳಿಸಿಕೊಂಡಿದ್ದ ಅವನ ತಾಯಿಯ ದನಿಯಲ್ಲಿ. ಅವನು ನಕ್ಕ. ನಕ್ಕವನ ಕೈಯಿಂದ ಸಹಿ ಹಾಕಿಸುವುದು ಸುಲಭ.

ಅರ್ಜಿ ತುಂಬಿದವನು ನಾನು. ಇಲ್ಲಿ ನನ್ನ ಹಿನ್ನೆಲೆ ಸ್ವಲ್ಪ ಹೇಳಬೇಕು. ನಮ್ಮಪ್ಪನದು ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ. ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಪಹಣಿ ತಿದ್ದುಪಡಿ, ಊರಿನ ಅರ್ಜಿಗಳೆಲ್ಲ ನಮ್ಮ ಕಟ್ಟೆಯ ಮೇಲೆಯೇ ಹುಟ್ಟುವುದು. ಹತ್ತನೆಯ ತರಗತಿಯ ಹೊತ್ತಿಗೆ ನನ್ನ ಕೈ ಪಳಗಿತ್ತು. “ಅರ್ಜೀಲಿ ನಿಜ ಬರೀಬೇಡ್ವೋ, ಸಾಹೇಬ್ರಿಗೆ ಹಿಡಿಸೋದನ್ನ ಬರಿ. ಹೆಂಗಿದ್ರೂ ಅವರು ಓದಲ್ಲ” ಎಂಬುದು ಅಪ್ಪನ ಶಾಸ್ತ್ರ. ಜರ್ಮನ್ ಅರ್ಜಿಯಲ್ಲಿ ಬಾಡಿಗೆ, ವಿಮೆ, ಸಂಪಾದನೆ ಎಲ್ಲಕ್ಕೂ ದಾಖಲೆ ಲಗತ್ತಿಸಬೇಕಿತ್ತು. ಕೈಚಳಕಕ್ಕೆ ಜಾಗವೇ ಇಲ್ಲ. ಕಡೆಗೊಂದು ಕಲಂ ಮಾತ್ರ ಖಾಲಿ ಸಿಕ್ಕಿತು: ಪ್ರಬಂಧ ಯಾವಾಗ ಮುಗಿಸುವಿರಿ? ಮುಂದಿನ ಚಳಿಗಾಲದವರೆಗೂ ಸಮಯವಿದೆ, ಅಲ್ಲಿಯವರೆಗೂ ಸಹಾಯ ಕೇಳಬಹುದು ಎಂದು ಅವನ ಪ್ರೊಫೆಸರೇ ಹೇಳಿದ್ದರು. ಆದರೆ ಅಷ್ಟು ದೂರದ ದಿನ ಬರೆದರೆ ಹುಡುಗ ಸೋಮಾರಿ ಎಂದುಕೊಂಡಾರು. ನಾನು ದುಂಡಗೆ ‘ಮಾರ್ಚ್’ ಎಂದು ಬರೆದೆ.

“ಮಾರ್ಚಾ?” ಎಂದ ಮತೇಯೋ.

“ಸುಮ್ನಿರು ಮಗಾ. ಇದೆಲ್ಲ ಮರ್ಯಾದೆಗೆ.”

ಕಚೇರಿಯವರು ಭೇಟಿಗೆ ದಿನ ಕೊಟ್ಟರು. ಹೋಗುವ ಮುನ್ನ ನಾನೇ ಕಚೇರಿಯ ಹೆಂಗಸಾಗಿ, ಕನ್ನಡಕದ ಮೇಲಿಂದ ಇಣುಕಿ, ಎಲ್ಲದಕ್ಕೂ ‘ಆಗುವುದಿಲ್ಲ’ ಎಂದು ಮೂಗಿನಲ್ಲಿ ಹೇಳುತ್ತಾ ತಾಲೀಮು ಕೊಟ್ಟೆ. ನಿಜವಾದ ಹೆಂಗಸಿಗೆ ಕನ್ನಡಕವೂ ಇರಲಿಲ್ಲ, ಮೂಗಿನ ದನಿಯೂ ಇರಲಿಲ್ಲ. ನಮ್ಮಿಬ್ಬರಿಗೂ ಕುರ್ಚಿ ತೋರಿಸಿದರು, ಕಾಗದಗಳನ್ನು ಒಂದೊಂದಾಗಿ ನೋಡಿದರು, ಇಷ್ಟು ತಡವಾಗಿ ಯಾಕೆ ಬಂದಿರಿ ಎಂದು ಮೆಲ್ಲಗೆ ಕೇಳಿದರು. ಮತೇಯೋನ ಕಣ್ಣು ತುಂಬಿತು. ಆಮೇಲೆ ಆ ಹೆಂಗಸು ಅಪ್ಪನ ಶಾಸ್ತ್ರವನ್ನೇ ತಲೆಕೆಳಗು ಮಾಡಿದರು. ಕೊನೆಯ ಕಲಮನ್ನು ಓದಿಬಿಟ್ಟರು.

“ಮಾರ್ಚ್‌ಗೆ ಖಂಡಿತ ಮುಗಿಸುತ್ತೀರಾ?”

ಮತೇಯೋ ನನ್ನ ಮುಖ ನೋಡಿದ. ನಾನು ಅವನ ಗೈಡ್ ಎಂಬಂತೆ ತಲೆಯಾಡಿಸಿದೆ. ಎರಡು ವಾರಕ್ಕೆ ಕಾಗದ ಬಂತು: ಮಾರ್ಚ್ ಕೊನೆಯವರೆಗೆ ತಿಂಗಳು ತಿಂಗಳು ಸಹಾಯ; ಪಾರ್ಸೆಲ್ ಕೆಲಸ ಬಿಡತಕ್ಕದ್ದು; ಹೇಳಿದ ದಿನಕ್ಕೆ ಪ್ರಬಂಧ ಒಪ್ಪಿಸತಕ್ಕದ್ದು. ಅವನು ನನ್ನನ್ನು ಎತ್ತಿ ಅಡುಗೆಮನೆಯಲ್ಲಿ ಒಂದು ಸುತ್ತು ತಿರುಗಿಸಿದ. ತಾಯಿಗೆ ಫೋನ್ ಮಾಡಿ ಅರ್ಧ ಗಂಟೆ ಕೂಗಾಡಿದ. ನಾನು ಆ ದನಿಯನ್ನೂ ಕಲಿತಿಟ್ಟುಕೊಂಡೆ.

ಅಲ್ಲಿಗೆ ನನ್ನ ಸುಖ ಮುಗಿಯಿತು. ಹೊಟ್ಟೆತುಂಬ ಉಂಡು ನಿದ್ದೆ ಕಂಡ ಮತೇಯೋ ಎಂಥ ಓದುಗನೆಂದು ನನಗೆ ಗೊತ್ತಿರಲಿಲ್ಲ. ಬೆಳಗ್ಗೆ ಲೈಬ್ರರಿಗೆ ಹೋದರೆ ಬಾಗಿಲು ಹಾಕುವವರೆಗೂ ಬರುತ್ತಿರಲಿಲ್ಲ. ಭಾನುವಾರದ ಕೂಟಗಳು ನಿಂತವು. ನಾನು ಅಡುಗೆಮನೆಯಲ್ಲಿ ಒಬ್ಬನೇ ಅನ್ನ ಕಲಸಿಕೊಳ್ಳುತ್ತಾ, ಎದುರು ಖಾಲಿ ಕುರ್ಚಿಗೆ ಟ್ರ್ಯಾಮಿನ ಹೆಂಗಸಿನ ದನಿಯಲ್ಲಿ ಮುಂದಿನ ನಿಲ್ದಾಣ ಹೇಳುತ್ತಿದ್ದೆ. ಕುರ್ಚಿ ಇಳಿಯಲಿಲ್ಲ.

“ಜೊತೇಗೆ ಯಾರಾದ್ರೂ ಇದಾರೇನೋ?” ಎಂದು ಅಮ್ಮ ಫೋನಿನಲ್ಲಿ ಕೇಳಿದಳು.

“ಇದಾನಮ್ಮಾ, ಲೈಬ್ರರೀಲಿದಾನೆ.”

“ಮತ್ತೆ ಅದೇನು, ಹೆಂಗಸಿನ ದನಿ ಕೇಳಿಸ್ತಿತ್ತು?”

“ನಾನೇ ಕಣಮ್ಮಾ.”

ಮುಂದಿನ ವಾರದಿಂದ ಅಮ್ಮನ ಫೋನ್ ದಿನಕ್ಕೆ ಎರಡು ಸಲ ಬರತೊಡಗಿತು.

ಮಾರ್ಚ್ ಬಂತು. ಮತೇಯೋ ಪ್ರಬಂಧ ಒಪ್ಪಿಸಿದ, ಹೇಳಿದ ದಿನಕ್ಕೆ ಎರಡು ದಿನ ಮುಂಚೆ. ಅಕ್ಕನ ಸಾಲಕ್ಕೆ ಹೆಗಲು ಕೊಡಲು ಬೊಗೊಟಾದಲ್ಲಿ ಕೆಲಸವೊಂದು ಕಾದಿತ್ತು. ರೈಲು ನಿಲ್ದಾಣಕ್ಕೆ ಅವನ ದೊಡ್ಡ ಸೂಟ್‌ಕೇಸನ್ನು ನಾನೇ ಎಳೆದುಕೊಂಡು ಹೋದೆ. ಪ್ಲಾಟ್‌ಫಾರ್ಮಿನ ಚಳಿಯಲ್ಲಿ ಅವನು ನನ್ನ ಎರಡೂ ಕೈ ಹಿಡಿದುಕೊಂಡ.

“ಗುರು, ನೀನು ಅವತ್ತು ಮಾರ್ಚ್ ಅಂತ ಬರೀದೇ ಇದ್ದಿದ್ರೆ, ನಾನು ಇನ್ನೂ ಒಂದು ವರ್ಷ ಇಲ್ಲೇ ಕೊಳೀತಿದ್ದೆ.”

“ನಾನೂ ಅದನ್ನೇ ಯೋಚಿಸ್ತಿದ್ದೆ ಮಗಾ.”

ಅದನ್ನು ಅವನು ನನ್ನ ತಮಾಷೆಯೆಂದು ತಿಳಿದು ಬಿಗಿಯಾಗಿ ಅಪ್ಪಿಕೊಂಡ. ನಾನು ತಿದ್ದಲು ಹೋಗಲಿಲ್ಲ. ಜೀವನದಲ್ಲಿ ಮೊದಲ ಸಲ ನನ್ನದೇ ದನಿಯಲ್ಲಿ ಮಾತಾಡಿದ್ದೆ. ಅದೂ ನಟನೆಯಂತೆ ಕೇಳಿಸಿದ್ದರೆ ಅವನ ತಪ್ಪೇನು?